ನಾಲ್ಕು ಪೌಂಡ್ ಗಾಳಿ

ನನಗೆ ಕ್ಷಮಿಸುವ ಅಭ್ಯಾಸವಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಎಲ್ಲೋ ಒಂದು ಕಡೆ ನನ್ನ ಮನಸ್ಸು ಕರಗಿ, ಇಬ್ಬರೂ ಕೂತು ಚಾ ಕುಡಿದೆವು ಎಂದು ಬರುತ್ತದೆ ಅಂತ ಯಾರೂ ಕಾಯಬಾರದು. ಚಾ ಕುಡಿಯಲಿಲ್ಲ. ನನ್ನ ಎಡಗೈಯ ಮಣಿಕಟ್ಟು ಈಗಲೂ ಮಳೆ ಹಿಡಿಯುವ ಹಿಂದಿನ ದಿನ ನೋಯುತ್ತದೆ. ನೋವು ಬಂದಾಗಲೆಲ್ಲ ಒಬ್ಬ ಮನುಷ್ಯನನ್ನು ನೆನೆಯುತ್ತೇನೆ, ನೆನೆದು ಒಂದು ಬೈಗುಳ ಹಾಕುತ್ತೇನೆ, ಆಮೇಲೆ ಕೈಗೆ ಎಣ್ಣೆ ಹಚ್ಚಿಕೊಳ್ಳುತ್ತೇನೆ.

ನಮ್ಮ ಮನೆ ಹೊನ್ನಾವರದ ಮಾವಿನಕುರ್ವೆಯಲ್ಲಿ. ಅಪ್ಪ ದೋಣಿಗೆ ಹೋಗುತ್ತಿದ್ದರು. ಅಮ್ಮ ಈಗಲೂ ಪೇಟೆಯಲ್ಲಿ ಮೀನು ಮಾರುತ್ತಾಳೆ. ನಾನು ಡಿಪ್ಲೊಮಾ ಓದಿ, ಮನೆಗಳ ಕರೆಂಟ್ ಮೀಟರನ್ನು ಪರೀಕ್ಷೆ ಮಾಡುವ ಕೆಲಸ ಹಿಡಿದೆ. ಮೀಟರು ಸುಳ್ಳು ಹೇಳುತ್ತದೆ ಎಂದು ಜಗಳಕ್ಕೆ ಬಂದವರ ಎದುರು ಅದನ್ನು ಬಿಚ್ಚಿ, ನಮ್ಮ ಸರಿಯಾದ ಮೀಟರಿನ ಪಕ್ಕ ಓಡಿಸಿ, ಯಾರದು ಸುಳ್ಳು ಎಂದು ತೋರಿಸುವುದು ನನ್ನ ಹೊಟ್ಟೆಪಾಡು. ಇದನ್ನು ಯಾಕೆ ಹೇಳುತ್ತಿದ್ದೇನೆ ಎಂದರೆ, ಇಂಥ ಕೆಲಸದವಳೇ ಮೋಸಹೋದದ್ದು ನನಗೆ ಕೈ ಮುರಿದದ್ದಕ್ಕಿಂತ ಹೆಚ್ಚು ಉರಿಯುತ್ತದೆ.

ಕೆಲಸದ ಹೊರಗೆ ನನಗಿರುವುದು ಒಂದೇ ಹುಚ್ಚು, ಟ್ರಯಲ್ಸ್ ಬೈಕು. ಇದು ವೇಗದ ಆಟವಲ್ಲ. ನಡೆಯುವುದಕ್ಕಿಂತ ನಿಧಾನವಾಗಿ, ನಿಂತುಕೊಂಡೇ, ಬಂಡೆಯ ಮೇಲೆ, ಕೊರಕಲಿನ ಒಳಗೆ ಬೈಕು ಹತ್ತಿಸಿ ಇಳಿಸಬೇಕು. ಕಾಲು ನೆಲಕ್ಕೆ ತಾಗಬಾರದು. ಒಮ್ಮೆ ತಾಗಿದರೆ ಒಂದು ಅಂಕ, ಎರಡು ಸಲಕ್ಕೆ ಎರಡು, ಅದಕ್ಕೂ ಹೆಚ್ಚಾದರೆ ಮೂರು. ಬಿದ್ದರೆ ಅಥವಾ ನಿಂತುಬಿಟ್ಟರೆ ಐದು. ಯಾರ ಅಂಕ ಕಡಿಮೆಯೋ ಅವರು ಗೆದ್ದ ಹಾಗೆ. ಬೈಕಿಗೆ ಸೀಟು ಅಂತ ಇರುವುದಿಲ್ಲ, ಹಾಗಾಗಿ ನಮ್ಮೂರಲ್ಲಿ ನಾನು ‘ಸೀಟಿಲ್ಲದ ಬೈಕಿನವಳು’. ಮೊದಮೊದಲು ಅಮ್ಮನಿಗೂ ಅದೇ ಚಿಂತೆ ಇತ್ತು. "ಇಷ್ಟು ಕೊಟ್ಟು ತಂದಿದ್ದೀ, ಕೂರೂಕೆ ಜಾಗ ಇಟ್ಟಿಲ್ವಾ ಅವ್ರು?" ಎಂದು ನೆರೆಯವರ ಎದುರೇ ಕೇಳಿದ್ದಳು.

ಈ ಆಟದ ಅರ್ಧ ಮರ್ಯಾದೆ ಟಯರಿನ ಗಾಳಿಯಲ್ಲಿದೆ. ರಸ್ತೆಯ ಬೈಕಿಗೆ ಮೂವತ್ತು ಪೌಂಡ್ ಬೇಕಾದರೆ ಇದರ ಹಿಂದಿನ ಚಕ್ರಕ್ಕೆ ನಾಲ್ಕು ಸಾಕು. ನಾಲ್ಕು ಇದ್ದಾಗ ಟಯರು ಮೆತ್ತಗಾಗಿ ಕಲ್ಲಿನ ಏರುತಗ್ಗನ್ನು ತಬ್ಬಿ ಹಿಡಿಯುತ್ತದೆ. ಆರಕ್ಕೆ ಹೋದರೆ ಗಟ್ಟಿಯಾಗಿ ಪುಟಿಯುತ್ತದೆ, ಮೆಟ್ಟಿಲು ಹತ್ತುವಾಗ ಹಿಡಿತ ಬಿಟ್ಟು ಗಿರ್ರನೆ ತಿರುಗುತ್ತದೆ. ಮೂರಕ್ಕಿಂತ ಕೆಳಗೆ ಇಳಿದರೆ ಇನ್ನೂ ಕೆಟ್ಟದ್ದು. ಓರೆ ಬಂಡೆಯ ಮೇಲೆ ಟಯರಿನ ಅಂಚು ರಿಮ್ಮಿನಿಂದ ಕಳಚಿ, ಇದ್ದ ಗಾಳಿಯೂ ಒಂದೇ ಸಲಕ್ಕೆ ಹೋಗಿಬಿಡುತ್ತದೆ. ಅಂದರೆ ಎರಡು ಹೆಚ್ಚಾದರೆ ಸೋಲು, ಒಂದು ಚಿಲ್ಲರೆ ಕಡಿಮೆಯಾದರೆ ಎಲುಬು. ಈ ಲೆಕ್ಕವನ್ನು ನೆನಪಿಟ್ಟುಕೊಂಡರೆ ಉಳಿದ ಕಥೆ ಸುಲಭ.

ಇಷ್ಟು ಸಣ್ಣ ಗಾಳಿಯನ್ನು ಅಳೆಯುವುದೇ ಕಷ್ಟ. ಹೆದ್ದಾರಿಯ ಪಂಕ್ಚರ್ ಅಂಗಡಿಗಳ ಗೇಜು ಹತ್ತರ ಕೆಳಗೆ ಬಾಯಿಯನ್ನೇ ಬಿಡುವುದಿಲ್ಲ. ಒಮ್ಮೆ ಹೊನ್ನಾವರದ ಅಂಥ ಒಂದು ಅಂಗಡಿಯಲ್ಲಿ ಬೈಕು ನಿಲ್ಲಿಸಿ ನೀರು ಕುಡಿಯಲು ಹೋದೆ. ಬರುವಷ್ಟರಲ್ಲಿ ಅಂಗಡಿಯವ, "ತಂಗೀ, ಎರಡೂ ಟಯರು ಚಪ್ಪಟೆ ಆಗಿತ್ತು, ಮೂವತ್ತು ಹಾಕಿದ್ದೆ. ದುಡ್ಡು ಎಂತದೂ ಬೇಡ" ಎಂದು ಪುಣ್ಯ ಕಟ್ಟಿಕೊಂಡಿದ್ದ. ನಾನು ಅವನ ಎದುರೇ ವಾಲ್ವ್ ಒತ್ತಿ ಗಾಳಿಯನ್ನೆಲ್ಲ ಬಿಟ್ಟೆ. ಆತ ಇವತ್ತಿಗೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾನೆ.

ಹಾಗಾಗಿ ನಮ್ಮ ಬಳಗದವರೆಲ್ಲ ಹೆಬ್ಬೆಟ್ಟಿನಿಂದ ಒತ್ತಿ ನೋಡುವವರು. ಭಟ್ಕಳದಿಂದ ಕುಮಟೆಯ ತನಕ ಸೇರಿ ನಾವು ಏಳೆಂಟು ಜನ. ನನ್ನ ಹೆಬ್ಬೆಟ್ಟು ಉಳಿದವರದಕ್ಕಿಂತ ಚೆನ್ನಾಗಿತ್ತು, ಅದು ಅಮ್ಮನ ಕಡೆಯಿಂದ ಬಂದದ್ದು. ಅವಳು ಬಂಗಡೆಯ ಹೊಟ್ಟೆಯನ್ನು ಒಮ್ಮೆ ಒತ್ತಿ, ಇದು ಇವತ್ತಿನದು, ಇದು ನಿನ್ನೆ ಐಸಿನಲ್ಲಿ ಮಲಗಿದ್ದು ಎಂದು ಹೇಳುತ್ತಿದ್ದಳು. ಚಿಕ್ಕಂದಿನಲ್ಲಿ ನನ್ನ ಬೆರಳನ್ನೂ ಹಿಡಿದು ಒತ್ತಿಸಿ ಕಲಿಸಿದ್ದಳು. ಮೀನು ಮಾರಲು ನಾನು ಹೋಗಲಿಲ್ಲ, ಆ ಬೆರಳು ಟಯರಿಗೆ ಬಂತು.

ಬಳಗದಲ್ಲಿ ಒಬ್ಬರ ಬಳಿ ಮಾತ್ರ ಸಣ್ಣ ಗಾಳಿಯ ಗೇಜು ಇತ್ತು. ಹದಿನೈದರ ತನಕ ಮಾತ್ರ ಅಂಕಿ ಇರುವ, ದುಂಡು ಮುಖದ, ಚಂದದ ಗೇಜು. ಅದನ್ನು ದುಬೈಯಿಂದ ತರಿಸಿಕೊಟ್ಟವರು ಭಟ್ಕಳದ ಬಿಡಿಭಾಗದ ಅಂಗಡಿಯ ಹಿರಿಯರು. ಅವರನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಮಂಡಿ ನೋವಿನಿಂದ ಬೈಕು ಬಿಟ್ಟಿದ್ದರೂ ನಮ್ಮ ಸ್ಪರ್ಧೆಗಳಲ್ಲಿ ಕಾಲು ತಾಗಿದ್ದನ್ನು ಎಣಿಸುವವರು ಅವರೇ. ಗೇಜಿನ ಒಡೆಯ ಮಾಸ್ತರ. ಕಾಯ್ಕಿಣಿಯ ತೋಟದ ಮನೆಯವ, ಕಾಲೇಜಿನಲ್ಲಿ ಪಾಠ ಹೇಳುವವ, ನನಗಿಂತ ಹತ್ತು ವರ್ಷ ದೊಡ್ಡವ. ಬಾಯಲ್ಲಿ ಅವನಿಗೆ ‘ನೀವು’ ಎನ್ನುತ್ತಿದ್ದೆ, ಈಗಲೂ ಎದುರು ಸಿಕ್ಕರೆ ‘ನೀವು’ ಎಂದೇ ಅನ್ನುತ್ತೇನೆ. ಬರೆಯುವಾಗ ಅಷ್ಟು ಮರ್ಯಾದೆ ಕೊಡಲು ಕೈ ಬರುವುದಿಲ್ಲ.

ನನಗೆ ಈ ಆಟ ಕಲಿಸಿದವನು ಅವನೇ ಎಂಬುದನ್ನು ಮುಚ್ಚಿಡುವುದಿಲ್ಲ. ಕ್ಲಚ್ಚನ್ನು ಒಂದೇ ಬೆರಳಿನಲ್ಲಿ ಹಿಡಿಯುವುದು, ಮೊಣಕಾಲಿನಿಂದ ಬೈಕನ್ನು ಓಲಿಸುವುದು, ಕಣ್ಣನ್ನು ಚಕ್ರದ ಮೇಲೆ ಅಲ್ಲ, ಮುಂದಿನ ಕಲ್ಲಿನ ಮೇಲೆ ಇಡುವುದು ಎಲ್ಲ ಅವನು ಹೇಳಿಕೊಟ್ಟದ್ದೇ. ನಾನು ಕಲಿಯುತ್ತಿದ್ದಷ್ಟು ದಿನ ಅವನು ದೇವರಂಥ ಮನುಷ್ಯ. ಮಳೆಗಾಲಕ್ಕೆ ಮೊದಲಿನ ಸ್ಪರ್ಧೆಯಲ್ಲಿ ನನ್ನ ಅಂಕ ಅವನದಕ್ಕಿಂತ ಮೂರು ಕಡಿಮೆ ಬಂತು. ಅವತ್ತಿನಿಂದ ಮಾತು ಸ್ವಲ್ಪ ಬಿಗಿಯಾಯಿತು. ನಾನು ಅದನ್ನು ಕಂಡೆ, ಕಂಡೂ ದೊಡ್ಡದು ಮಾಡಲಿಲ್ಲ.

ಮಳೆಗಾಲ ಮುಗಿದ ಮೇಲಿನ ಸ್ಪರ್ಧೆ ಕುಮಟೆಯ ಅಘನಾಶಿನಿಯ ಕಡೆ, ಸಮುದ್ರದ ಅಂಚಿನ ಕಪ್ಪು ಬಂಡೆಗಳ ಮೇಲೆ ಇತ್ತು. ನೀರು ಇಳಿದಿತ್ತು. ಆಚೆ ಅಳಿವೆಯ ಕೆಸರಿನಲ್ಲಿ ಹೆಂಗಸರು ಸೊಂಟ ಬಗ್ಗಿಸಿ ಬಳಚಿನ ಚಿಪ್ಪು ಹೆಕ್ಕುತ್ತಿದ್ದರು. ನಾನು ಬಂಡೆಯ ಪಕ್ಕ ಕೂತು ಹೆಬ್ಬೆಟ್ಟಿನಿಂದ ಹಿಂದಿನ ಟಯರು ನೋಡುತ್ತಿದ್ದೆ. ಮಾಸ್ತರ ತಾನಾಗಿಯೇ ಬಂದ. ಅದುವರೆಗೆ ಯಾರಿಗೂ ಮುಟ್ಟಲು ಕೊಡದ ಗೇಜನ್ನು ಜೇಬಿನಿಂದ ತೆಗೆದು ನನ್ನ ಕೈಯಲ್ಲಿಟ್ಟ.

"ಹೆಬ್ಬೆಟ್ಟಿನ ಲೆಕ್ಕ ಬಿಡು ಮಾರಾಯ್ತಿ. ಇದ್ರಲ್ಲಿ ನೋಡಿ ಸಮಾ ನಾಲ್ಕು ಇಟ್ಕೋ."

"ನಿಮ್ಗೆ ಬೇಡ್ವಾ?"

"ನಂದು ಮನೆಲೇ ಆತು."

ನಾನು ಮೊದಲು ಮುಳ್ಳನ್ನು ನೋಡಿದೆ. ಸೊನ್ನೆಯ ಮೇಲೆ ಸರಿಯಾಗಿ ನಿಂತಿತ್ತು. ನಂಬಿದೆ. ಗೇಜನ್ನು ವಾಲ್ವಿಗೆ ಕೊಟ್ಟಾಗ ಆರು ತೋರಿಸಿತು. ನನ್ನ ಹೆಬ್ಬೆಟ್ಟು ನಾಲ್ಕು ಎಂದಿದ್ದ ಟಯರು ಅದು. ಅಯ್ಯೋ, ಇಷ್ಟು ವರ್ಷ ನನ್ನ ಬೆರಳೇ ತಪ್ಪಿತ್ತಲ್ಲ ಎಂದು ನಾಚಿಕೆಯಾಯಿತು. ಗಾಳಿ ಬಿಡುತ್ತಾ ಮುಳ್ಳನ್ನು ನಾಲ್ಕಕ್ಕೆ ಇಳಿಸಿದೆ. ಮತ್ತೆ ಒತ್ತಿ ನೋಡಿದರೆ ಬೆರಳು ಬೇಡ ಬೇಡ ಎಂದಿತು. ದಿನವಿಡೀ ಮೀಟರಿನ ಮಾತನ್ನೇ ಕೇಳುವವಳು ನಾನು, ಬೆರಳಿನ ಮಾತು ಕೇಳಲಿಲ್ಲ.

ಓರೆ ಬಂಡೆಯ ನಡುವೆ, ಎಡಕ್ಕೆ ವಾಲಿ ತಿರುಗುವಲ್ಲಿ ಟಯರಿನ ಅಂಚು ಕಳಚಿತು. ಪಟ್ ಎಂದ ಶಬ್ದ ಕೇಳಿದ್ದು ನೆನಪಿದೆ. ಬರೀ ರಿಮ್ಮು ಕಲ್ಲಿನ ಮೇಲೆ ಜಾರಿತು, ಬೈಕು ನನ್ನ ಮೇಲೆ ಬಂತು, ಎಡಗೈ ಅದರ ಮತ್ತು ಬಂಡೆಯ ನಡುವೆ ಇತ್ತು. ಬಳಚು ಹೆಕ್ಕುತ್ತಿದ್ದ ಇಬ್ಬರು ಹೆಂಗಸರು ಬುಟ್ಟಿ ಅಲ್ಲೇ ಬಿಟ್ಟು ಓಡಿಬಂದರು. ನನ್ನನ್ನು ಎತ್ತಿದ್ದು ಅವರೇ. ಒಬ್ಬಳ ಸೀರೆಯ ಸೆರಗಿನಲ್ಲಿಯೇ ಕೈಯನ್ನು ಕುತ್ತಿಗೆಗೆ ಕಟ್ಟಿ, ಚಾಚಾನ ಕಾರಿನಲ್ಲಿ ಕುಮಟೆಯ ಆಸ್ಪತ್ರೆಗೆ ಕಳಿಸಿದರು.

ಬಿದ್ದದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಸಂಜೆಯೊಳಗೆ ಬಳಗದ ವಾಟ್ಸಾಪಿನಲ್ಲಿ ಅದು ಬಂತು, ಅದರ ಕೆಳಗೆ ಮಾಸ್ತರನ ಧ್ವನಿಯೂ ಬಂತು. "ಕೈಗೆ ಗೇಜ್ ಕೊಟ್ರೂ ಎಂತ ಮಾಡೂದು ಹೇಳಿ. ಹೆಂಗಸ್ರಿಗೆ ಗಾಳಿ ನೋಡೂಕೆ ಬರೂದಿಲ್ಲ." ಅದರ ಕೆಳಗೆ ಮೂರ್ನಾಲ್ಕು ಜನರ ನಗುವಿನ ಗುರುತು. ಅದು ಅಲ್ಲಿಂದ ಎಲ್ಲಿಗೆಲ್ಲ ಹೋಯಿತೋ ಗೊತ್ತಿಲ್ಲ, ನನ್ನ ಕಚೇರಿಗಂತೂ ಬಂತು. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಕೆಲಸಕ್ಕೆ ಹೋದ ಮೊದಲ ದಿನವೇ ಒಬ್ಬ ಗ್ರಾಹಕ, "ಮೇಡಂ, ಟಯರಿನ ಗಾಳಿ ನೋಡೂಕೆ ಬರ್ದೇ ಇದ್ದವ್ರು ನಮ್ಮ ಮೀಟರ್ ಎಂತ ನೋಡ್ತ್ರಿ?" ಎಂದ. ಅಲ್ಲಿದ್ದವರು ನಕ್ಕರು. ಹನ್ನೊಂದು ವರ್ಷ ಗಳಿಸಿದ ಹೆಸರು ಅವತ್ತು ಮೇಜಿನ ಮೇಲೆ ಬಿದ್ದಿತ್ತು.

ಆದರೂ ಆಗಿನ್ನೂ ನನಗೆ ಅನುಮಾನ ಬಂದಿರಲಿಲ್ಲ. ತಪ್ಪು ನನ್ನದೇ ಎಂದುಕೊಂಡಿದ್ದೆ. ಅನುಮಾನ ಹುಟ್ಟಿಸಿದವನು ಮಾಸ್ತರನೇ. ನನ್ನನ್ನು ನೋಡಲು ಮನೆಗೆ ಬಂದವನು ಬಾಗಿಲಲ್ಲೇ ಕೇಳಿದ ಮೊದಲ ಮಾತು, "ಗೇಜ್ ಎಲ್ಲಿದ್ದು?" ಕೈ ಹೇಗಿದೆ ಎಂದು ಆಮೇಲೆ ಕೇಳಿದ. ತಂದಿದ್ದ ಬಾಳೆಹಣ್ಣನ್ನೂ ಆಮೇಲೆ ಕೊಟ್ಟ. ಗೇಜು ಅವತ್ತಿನ ಜಾಕೆಟ್ಟಿನ ಜೇಬಿನಲ್ಲೇ ಇತ್ತು. ಜಾಕೆಟ್ಟು ಅವನ ಎದುರಿನ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಯಾಕೋ ನಾಲಗೆ ತಿರುಗಿತು. "ಚೀಲದಲ್ಲಿ ಎಲ್ಲೋ ಇರ್ಬೇಕು, ಹುಡ್ಕಿ ಕೊಡ್ತೆ" ಎಂದೆ. ಅವನು ಎದ್ದು ಹೋಗುವ ತನಕ ಎರಡು ಸಲ ಅದನ್ನೇ ಕೇಳಿದ.

ಅವನು ಹೋದ ಕೂಡಲೇ ಗೇಜನ್ನು ತೆಗೆದು ಬೆಳಕಿಗೆ ಹಿಡಿದೆ. ಪಕ್ಕದಲ್ಲಿ ಒಂದು ತಗ್ಗು ಇತ್ತು, ಎಲ್ಲೋ ಕಲ್ಲಿನ ಮೇಲೆ ಬಿದ್ದ ಗುರುತು. ತಗ್ಗಿನ ಒಳಗೆ ಕೆಂಪು ಮಣ್ಣು ಕೂತಿತ್ತು. ಅಘನಾಶಿನಿಯ ಬಂಡೆಯಲ್ಲಿ ಕೆಂಪು ಮಣ್ಣಿಲ್ಲ. ಅಂದರೆ ನನ್ನ ಜೊತೆ ಬೀಳುವುದಕ್ಕೆ ಮೊದಲೇ ಅದು ಇನ್ನೆಲ್ಲೋ ಬಿದ್ದಿತ್ತು.

ಗೇಜನ್ನು ಪರೀಕ್ಷೆ ಮಾಡಲು ದೊಡ್ಡ ಯಂತ್ರ ಬೇಡ, ನೀರು ಸಾಕು. ಒಂದು ಪೌಂಡ್ ಒತ್ತಡ ಎಂದರೆ ಸುಮಾರು ಎರಡು ಅಡಿ ನಾಲ್ಕಂಗುಲ ಎತ್ತರದ ನೀರು. ನೀರಿಗೆ ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಗೋಡೆಯ ಮಟ್ಟ ನೋಡಲು ಗಾರೆಯವರು ಇಟ್ಟುಕೊಳ್ಳುವ ಪಾರದರ್ಶಕ ಪೈಪನ್ನು ನೆರೆಮನೆಯಿಂದ ತಂದೆ. ಒಂದು ತುದಿಗೆ ಹಳೆ ಟ್ಯೂಬಿನ ವಾಲ್ವ್ ಬಿಗಿದು ಗೇಜು ಸಿಕ್ಕಿಸಿದೆ. ಇನ್ನೊಂದು ತುದಿಯನ್ನು ತೆಂಗಿನಕಾಯಿ ಕೀಳುವ ದೋಟಿಗೆ ಕಟ್ಟಿ, ದೋಟಿಯನ್ನು ಅಮ್ಮನ ಕೈಗೆ ಕೊಟ್ಟೆ. ನನಗಿದ್ದದ್ದು ಒಂದೇ ಕೈ. ಅಮ್ಮ ಪೇಟೆ ಮುಗಿಸಿ ಬಂದವಳು ಮೀನಿನ ಬುಟ್ಟಿಯನ್ನೂ ತೊಳೆಯದೆ ಅಂಗಳದಲ್ಲಿ ದೋಟಿ ಎತ್ತಿ ನಿಂತಳು.

"ಇದೆಂತ ಮಾಡ್ತಿದ್ದೀ ನೀನು?"

"ಗೇಜ್ ಸತ್ಯ ಹೇಳ್ತದ್ಯಾ ನೋಡ್ತಿದ್ದೆ. ಇನ್ನೊಂದ್ ಚೂರು ಮೇಲೆ ಎತ್ತು."

ಒಂಬತ್ತು ಅಡಿ ಮೂರಂಗುಲದಲ್ಲಿ ಗೇಜು ನಾಲ್ಕು ತೋರಿಸಬೇಕಿತ್ತು. ಅದು ಆರು ತೋರಿಸಿತು. ಮುಳ್ಳು ನಾಲ್ಕಕ್ಕೆ ಬರುವ ತನಕ ಅಮ್ಮನಿಂದ ದೋಟಿ ಇಳಿಸಿದೆ. ಅಳೆದರೆ ಆರು ಅಡಿ ಎರಡಂಗುಲ, ಅಂದರೆ ಎರಡೂವರೆ ಪೌಂಡಿಗಿಂತ ತುಸು ಹೆಚ್ಚು ಅಷ್ಟೇ. ನೀರು ಪೂರಾ ಇಳಿದಾಗ ಮುಳ್ಳು ಸೊನ್ನೆಗೇ ಬಂದು ಸುಮ್ಮನೆ ಕೂತಿತು. ಸೊನ್ನೆಯಲ್ಲಿ ಸರಿ, ಮೇಲೆ ಹೋದಹಾಗೆಲ್ಲ ಸುಳ್ಳು. ನಾನು ಹೊಸಬರಿಗೆ ಪಾಠ ಹೇಳುವಾಗ ಮೊದಲು ಹೇಳುವ ಮಾತೇ ಇದು, ಸೊನ್ನೆ ಸರಿ ಇದೆ ಎಂದು ಮೀಟರನ್ನು ನಂಬಬೇಡಿ ಅಂತ. ಅಂಗಳದ ಕಟ್ಟೆಯ ಮೇಲೆ ಕೂತು ಅತ್ತೆ. ನೋವಿಗಲ್ಲ, ಸಿಟ್ಟಿಗೆ.

ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ನಡೆ, ಈಗ್ಲೇ ಹೋಗ್ವ. ಅವ್ನ ಮನೆ ಅಂಗಳದಲ್ಲಿ ನಿಂತು ಬಾಯಿಗೆ ಬಂದಂಗೆ ಬೈದ್ರೆ ಆತು." ಅವಳ ಬೈಗುಳದ ಎದುರು ಹೊನ್ನಾವರದ ಪೇಟೆಯಲ್ಲಿ ಯಾರೂ ಅರ್ಧ ತಾಸು ನಿಂತವರಿಲ್ಲ. ಆದರೆ ಮಾಸ್ತರ ಏನು ಹೇಳುತ್ತಾನೆ ಎಂದು ನನಗೆ ಗೊತ್ತಿತ್ತು. ಅಯ್ಯೋ, ಗೇಜು ಹಾಳಾದದ್ದು ನನಗೇನು ಗೊತ್ತು ಮಾರಾಯ್ತಿ, ನೀನು ಬಿದ್ದಾಗಲೇ ಕೆಟ್ಟಿರಬೇಕು ಅನ್ನುತ್ತಾನೆ. ಎಲ್ಲರೂ ಹೌದು ಹೌದು ಅನ್ನುತ್ತಾರೆ. ನನಗೆ ಬೇಕಾದದ್ದು ಬೈಗುಳ ಅಲ್ಲ. ಅವನಿಗೆ ಗೊತ್ತಿತ್ತು ಎಂದು ಅವನ ಬಾಯಿಯೇ ಹೇಳಬೇಕಿತ್ತು, ನನ್ನನ್ನು ನೋಡಿ ನಕ್ಕವರೆಲ್ಲ ಅದನ್ನು ಕೇಳಬೇಕಿತ್ತು.

ಎಷ್ಟೋ ದಿನ ಅದನ್ನೇ ಮೆಲುಕು ಹಾಕಿದೆ. ಮೀಟರು ಪರೀಕ್ಷಿಸುವಾಗ, ಊಟ ಮಾಡುವಾಗ, ಪ್ಲಾಸ್ಟರಿನ ಒಳಗೆ ಹೆಣಿಗೆಯ ಕಡ್ಡಿ ತೂರಿಸಿ ತುರಿಸಿಕೊಳ್ಳುವಾಗ ಎಲ್ಲ ಅದೇ. ಗೇಜಿನ ಹಿಂದಿನ ಮುಚ್ಚಳ ಬಿಚ್ಚಿ ನೋಡಿದಾಗ ಒಳಗಿನ ಒಂದು ಸಣ್ಣ ತಿರುಪು ಸಡಿಲಾಗಿ, ಅದು ಹಿಡಿದಿದ್ದ ಕಡ್ಡಿ ಜರುಗಿದ್ದು ಕಂಡಿತು. ಅದನ್ನು ಒಂದು ಕಡೆ ಜರುಗಿಸಿದರೆ ಸುಳ್ಳು ಇನ್ನೂ ಹೆಚ್ಚುತ್ತದೆ. ಆರು ತೋರಿಸುವಾಗ ಒಳಗೆ ಎರಡೇ ಪೌಂಡ್ ಇರುವಂತೆ ಮಾಡಬಹುದು. ಅವನ ಟಯರೂ ಓರೆ ಬಂಡೆಯಲ್ಲಿ ಕಳಚಬಹುದು, ಅವನ ಕೈಯೂ ಹೀಗೇ ಮುರಿಯಬಹುದು. ತಿರುಪಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಎಷ್ಟೋ ಹೊತ್ತು ಕೂತಿದ್ದೆ. ಮಾಡಲಿಲ್ಲ. ಒಳ್ಳೆಯತನದಿಂದ ಮಾಡಲಿಲ್ಲ ಎಂದುಕೊಳ್ಳಬೇಡಿ. ಹಾಗೆ ಮಾಡಿದರೆ ಅವನಿಗೆ ಕೈ ಮುರಿಯುತ್ತಿತ್ತು, ಆದರೆ ಸತ್ಯ ಹೊರಗೆ ಬರುತ್ತಿರಲಿಲ್ಲ.

ಆಗ ಹೊಳೆಯಿತು. ಗೇಜನ್ನು ಸರಿ ಮಾಡಿಬಿಟ್ಟರೆ?

ಅದು ಕೆಟ್ಟಿದೆ ಎಂದು ಮಾಸ್ತರನಿಗೆ ಗೊತ್ತಿಲ್ಲದಿದ್ದರೆ ಅವನು ಎಲ್ಲರ ಹಾಗೆ ಮುಳ್ಳನ್ನು ನಾಲ್ಕಕ್ಕೆ ನಿಲ್ಲಿಸುತ್ತಾನೆ, ಒಳಗೆ ನಾಲ್ಕೇ ಇರುತ್ತದೆ, ಚೆನ್ನಾಗಿ ಓಡಿಸುತ್ತಾನೆ. ಆಗ ನಾನು ಬಾಯಿ ಮುಚ್ಚಿ, ಮನಸ್ಸಿನಲ್ಲೇ ಅವನ ಕಾಲು ಹಿಡಿಯುತ್ತೇನೆ. ಗೊತ್ತಿದ್ದರೆ ಅವನು ತನ್ನ ರೂಢಿಯಂತೆ ಮುಳ್ಳನ್ನು ಆರಕ್ಕೆ ತರುತ್ತಾನೆ, ಅದರಲ್ಲಿ ನಾಲ್ಕಿದೆ ಎಂದುಕೊಳ್ಳುತ್ತಾನೆ. ನಿಜವಾಗಿ ಆರೇ ಇರುತ್ತದೆ. ಎಲುಬು ಮುರಿಯುವುದಿಲ್ಲ, ಸೋಲುತ್ತಾನೆ. ಕಳ್ಳನಿಗೆ ಮಾತ್ರ ಕಚ್ಚುವ ಗೇಜು. ತಿರುಪನ್ನು ಜಾಗಕ್ಕೆ ತಂದು, ಅಮ್ಮನಿಂದ ಮತ್ತೆ ಮೂರು ಸಂಜೆ ದೋಟಿ ಎತ್ತಿಸಿ, ಎರಡು ಮೂರು ನಾಲ್ಕು ಐದು ಆರು ಎಲ್ಲವನ್ನೂ ನೀರಿಗೆ ಹಿಡಿದು ಸರಿ ಮಾಡಿದೆ. ನನ್ನ ಇಡೀ ನೌಕರಿಯಲ್ಲಿ ಇಷ್ಟು ಚೊಕ್ಕ ಕೆಲಸ ಮಾಡಿರಲಿಲ್ಲ.

ಅದನ್ನು ಮುಂದಿನ ಸ್ಪರ್ಧೆಗೆ ಮೊದಲೇ ಕೊಡುವಂತಿರಲಿಲ್ಲ. ಕೊಟ್ಟರೆ ಅಭ್ಯಾಸ ಮಾಡುವಾಗಲೇ ಅವನಿಗೆ ತಿಳಿಯುತ್ತಿತ್ತು. ಮಾಸ್ತರ ವಾರಕ್ಕೊಮ್ಮೆ ಫೋನು ಮಾಡುತ್ತಿದ್ದ. ಗೇಜ್ ಇಲ್ಲದೆ ಕಣ್ಣಿಲ್ಲದಂಗೆ ಆಗಿದೆ ಎನ್ನುತ್ತಿದ್ದ. ಒಮ್ಮೆ ಹೊನ್ನಾವರಕ್ಕೆ ಬಂದಿದ್ದೇನೆ ಎಂದ, ನಾನು ಕುಮಟೆಯಲ್ಲಿದ್ದೇನೆ ಎಂದೆ. ಕಚೇರಿಯ ಕಿಟಕಿಯಿಂದ ಅವನು ರಸ್ತೆ ದಾಟುವುದು ಕಾಣುತ್ತಿತ್ತು. ಕೊನೆಗೆ, "ಸ್ಪರ್ಧೆ ದಿನ ನಾನೇ ತಂದು ಕೊಡ್ತೆ ಮಾಸ್ತರೆ, ಮರೆಯೂದಿಲ್ಲ" ಎಂದೆ. ಅದೊಂದು ಮಾತು ಮಾತ್ರ ಅಪ್ಪಟ ಸತ್ಯ.

ಆ ಸ್ಪರ್ಧೆ ನಡೆದದ್ದು ನನ್ನ ಪ್ಲಾಸ್ಟರ್ ಬಿಚ್ಚಿ ಕೈ ಮತ್ತೆ ಪಳಗಿದ ಮೇಲೆ, ಅವನ ಊರಲ್ಲೇ, ಕಾಯ್ಕಿಣಿಯ ಗುಡ್ಡದ ಮೇಲಿನ ಹಳೆಯ ಚಿರೇಕಲ್ಲಿನ ಕಣಿಯಲ್ಲಿ. ಕಲ್ಲು ಕಡಿದು ಬಿಟ್ಟ ಜಾಗ, ಸೊಂಟದೆತ್ತರದ ಕೆಂಪು ಮೆಟ್ಟಿಲುಗಳು, ಮೆಟ್ಟಿಲ ಮೇಲೆಲ್ಲ ಸಡಿಲ ಜಲ್ಲಿ. ಅವನ ಹೆಂಡತಿ ಮತ್ತು ನೆಂಟರು ದೊಡ್ಡ ಪಾತ್ರೆಯಲ್ಲಿ ಮಜ್ಜಿಗೆ ತಂದಿದ್ದರು. ಅವನ ವಿದ್ಯಾರ್ಥಿಗಳು ಹತ್ತು ಹದಿನೈದು ಜನ ಮೊಬೈಲು ಹಿಡಿದು ನಿಂತಿದ್ದರು. ನನಗೆ ಇಂಥ ಜನವೇ ಬೇಕಿತ್ತು.

ಮನೆಯಿಂದ ಡಾಂಬರು ರಸ್ತೆಯಲ್ಲಿ ಓಡಿಸಿಕೊಂಡು ಬರಬೇಕಾದ್ದರಿಂದ ಅವನ ಟಯರಿನಲ್ಲಿ ಗಾಳಿ ಜಾಸ್ತಿ ಇತ್ತು, ಇಲ್ಲಿಯೇ ಬಿಡಬೇಕಿತ್ತು. ನನ್ನನ್ನು ಕಂಡವನೇ ಕೈ ಚಾಚಿದ.

"ತಂದ್ಯಾ?"

"ತಂದಿದ್ದೆ ಮಾಸ್ತರೆ. ಹೋದ್ಸಲ ನಂಗೆ ಉಪಕಾರ ಮಾಡಿದ್ರಲ್ಲ."

ಅವನು ಕೂತು ಗೇಜನ್ನು ವಾಲ್ವಿಗೆ ಕೊಟ್ಟ. ನಾನು ನನ್ನ ಕೈಗವಸು ಹಾಕಿಕೊಳ್ಳುವ ನೆಪದಲ್ಲಿ ಎದುರೇ ನಿಂತೆ. ಮುಳ್ಳು ಹತ್ತರಿಂದ ಎಂಟಕ್ಕೆ ಬಂತು, ಏಳಕ್ಕೆ ಬಂತು, ಆರಕ್ಕೆ ಬಂತು. ಅವನ ಬೆರಳು ಅಲ್ಲೇ ನಿಂತಿತು. ಇನ್ನೂ ಬಿಡುತ್ತಾನೇನೋ ಎಂದು ನಾನು ಕಾದೆ. ಒಂದು ಕ್ಷಣ ಬಿಡಲಿ ಎಂದೂ ಆಸೆಪಟ್ಟೆ, ಅದು ಸುಳ್ಳಲ್ಲ. ನಾನು ಮೊದಲ ಸಲ ಬಂಡೆ ಹತ್ತಿದಾಗ ಚಪ್ಪಾಳೆ ತಟ್ಟಿದ್ದು ಇದೇ ಮನುಷ್ಯ. ಅವನು ಹೆಬ್ಬೆಟ್ಟಿನಿಂದ ಟಯರನ್ನು ಒಮ್ಮೆ ಒತ್ತಿದ, ಹುಬ್ಬು ಗಂಟಿಕ್ಕಿದ, ಗೇಜನ್ನು ಮತ್ತೊಮ್ಮೆ ನೋಡಿದ. ಬೆರಳನ್ನು ಬಿಟ್ಟು ಗೇಜನ್ನು ನಂಬಿದ, ನಾನು ಅವತ್ತು ಮಾಡಿದ ಹಾಗೆಯೇ. ಆಮೇಲೆ ವಾಲ್ವಿನ ಮುಚ್ಚಳ ತಿರುಗಿಸಿ ಎದ್ದ. ನನಗೆ ಬೇಕಾದದ್ದು ಸಿಕ್ಕಿತ್ತು, ಉಳಿದವರಿಗೆ ಸಿಗುವುದು ಬಾಕಿ ಇತ್ತು.

ಮೊದಲ ಮೆಟ್ಟಿಲು ಹೇಗೋ ಹತ್ತಿದ. ಎರಡನೆಯದರಲ್ಲಿ ಹಿಂದಿನ ಚಕ್ರ ಪುಟಿಯಿತು, ಎರಡು ಸಲ ಕಾಲು ಕೊಟ್ಟ. ಮೂರನೆಯದರಲ್ಲಿ ಟಯರು ಜಲ್ಲಿಯ ಮೇಲೆ ಗಿರ್ರನೆ ತಿರುಗಿ, ಕಲ್ಲನ್ನು ಹಿಂದಕ್ಕೆ ಎಸೆಯುತ್ತಾ ನಿಂತೇಬಿಟ್ಟಿತು. ಚಾಚಾ ಐದು ಬೆರಳು ಎತ್ತಿದರು. ಎರಡನೇ ಸುತ್ತಿನಲ್ಲೂ ಅದೇ ಜಾಗ, ಅದೇ ಐದು ಬೆರಳು. ಈ ಸಲ ಕುಂಡೆಯ ಮೇಲೆ ಕೂತೇಬಿಟ್ಟ. ವಿದ್ಯಾರ್ಥಿಗಳ ಕಡೆಯಿಂದ ನಗು ಬಂತು. ನಾನು ನಗಲಿಲ್ಲ, ಮಜ್ಜಿಗೆ ಕುಡಿಯುತ್ತಿದ್ದೆ.

ಮಾಸ್ತರ ಬೈಕು ತಳ್ಳಿಕೊಂಡು ಬಂದ, ಮುಖವೆಲ್ಲ ಕೆಂಪು ಧೂಳು. ಗೇಜನ್ನು ಜೇಬಿನಿಂದ ತೆಗೆದು ವಾಲ್ವಿಗೆ ಒತ್ತಿದ. ಆರು. ಹೆಬ್ಬೆಟ್ಟಿನಿಂದ ಒತ್ತಿದ. ಕಲ್ಲಿನ ಹಾಗೆ ಗಟ್ಟಿ.

"ಟಯರು ಗಟ್ಟಿ ಇದ್ಯಲ್ಲ ಮಾಸ್ತರೇ, ಎಷ್ಟು ಇಟ್ಟಿದ್ರಿ?" ಚಾಚಾ ಕೇಳಿದರು.

"ಆರು."

"ಆರಾ? ಯಾರು ಇಡ್ತಾರೆ ಆರು?"

"ಈ ಗೇಜಲ್ಲಿ ಆರು ಅಂದ್ರೆ ನಾಲ್ಕು!" ಅವನು ಸಿಟ್ಟಿನಲ್ಲಿ ಕೂಗಿದ. "ಯಾವಾಗ್ಲೂ ಇದು ಎರಡು ಹೆಚ್ಚೇ ತೋರ್ಸೂದು. ಇವತ್ತು ಎಂತ ಆತು ಇದ್ಕೆ?"

"ಯಾವಾಗಿಂದ ಹೆಚ್ಚು ತೋರಿಸ್ತಿತ್ತು?"

"ಮಳೆಗಾಲದಲ್ಲಿ ಒಂದ್ಸಲ ಇಲ್ಲೇ ಬಿದ್ದಿತ್ತು, ಅವತ್ತಿಂದ್ಲೂ..."

ಅಲ್ಲಿಗೆ ನಿಲ್ಲಿಸಿದ. ಆದರೆ ಮಾತು ಆಗಲೇ ಹೊರಗೆ ಬಂದಾಗಿತ್ತು. ಮಜ್ಜಿಗೆ ಬಡಿಸುತ್ತಿದ್ದ ಅವನ ಹೆಂಡತಿಯ ಕೈ ಸೌಟಿನ ಸಮೇತ ನಿಂತಿತು. ಚಾಚಾ ಮೊದಲು ಅವನನ್ನು ನೋಡಿದರು, ಆಮೇಲೆ ನನ್ನ ಎಡಗೈಯನ್ನು ನೋಡಿದರು. ವಾಟ್ಸಾಪಿನಲ್ಲಿ ನಕ್ಕಿದ್ದ ಮೂರ್ನಾಲ್ಕು ಜನ ಅಲ್ಲೇ ಇದ್ದರು, ಒಬ್ಬೊಬ್ಬರೇ ನೆಲ ನೋಡತೊಡಗಿದರು.

"ಬೇಟಿ ಬಿದ್ದದ್ದು ಮಳೆಗಾಲ ಮುಗಿದ ಮೇಲೆ ಅಲ್ವಾ?" ಎಂದರು ಚಾಚಾ, ತುಂಬ ಮೆಲ್ಲಗೆ. "ಅವಳ ಕೈಗೆ ಕೊಡುವಾಗ ನಿಮಗೆ ಗೊತ್ತಿತ್ತು."

ಗೊತ್ತಿರಲಿಲ್ಲ ಎನ್ನುವ ದಾರಿಯನ್ನು ಮಾಸ್ತರನ ಬಾಯಿಯೇ ಮುಚ್ಚಿತ್ತು. ನಾನು ಹೋಗಿ ಅವನ ಕೈಯಿಂದ ಗೇಜನ್ನು ತೆಗೆದುಕೊಂಡೆ, ಎಲ್ಲರಿಗೂ ಕೇಳುವಂತೆ ಹೇಳಿದೆ. "ಇದ್ನ ನಾನು ಸರಿ ಮಾಡಿದ್ದೆ. ಈಗ ನಾಲ್ಕು ಅಂದ್ರೆ ನಾಲ್ಕೇ. ಬೇಕಾದವ್ರು ನಮ್ಮನೆಗೆ ಬನ್ನಿ, ನೀರಿಗೆ ಹಿಡ್ದು ತೋರಿಸ್ತೆ. ಹೆಂಗಸ್ರಿಗೂ ಗಾಳಿ ನೋಡೂಕೆ ಬರ್ತದೆ."

ಆಮೇಲೆ ಅದೇ ಗೇಜಿನಿಂದ ನನ್ನ ಟಯರನ್ನು ನಾಲ್ಕಕ್ಕೆ ಇಟ್ಟುಕೊಂಡೆ. ಹೆಬ್ಬೆಟ್ಟಿನಿಂದಲೂ ಒತ್ತಿ ನೋಡಿದೆ, ಎರಡೂ ಒಂದೇ ಮಾತು ಹೇಳಿದವು. ಮೂರೂ ಮೆಟ್ಟಿಲು ಹತ್ತಿದೆ. ತುದಿಯಲ್ಲಿ ಒಂದೇ ಒಂದು ಸಲ ಕಾಲು ತಾಗಿತು. ಕಲ್ಲು ಜಾರಿ ಅಲ್ಲ, ಖುಷಿಗೆ ಕೆಳಗೆ ನಿಂತವರ ಮುಖ ನೋಡಲು ಕಣ್ಣು ತಿರುಗಿಸಿ. ಆ ಒಂದು ಅಂಕದ ಬಗ್ಗೆ ನನಗೆ ಇವತ್ತಿಗೂ ಬೇಸರವಿಲ್ಲ.

ಎಲ್ಲ ಮುಗಿದು ಬೈಕನ್ನು ಗಾಡಿಗೆ ಏರಿಸುವಾಗ ಅವನು ಹತ್ತಿರ ಬಂದ. ಯಾರೂ ಜೊತೆಗಿರಲಿಲ್ಲ, ವಿದ್ಯಾರ್ಥಿಗಳು ಆಗಲೇ ಹೋಗಿದ್ದರು. ಕ್ಷಮೆ ಕೇಳುತ್ತಾನೇನೋ ಎಂದುಕೊಂಡೆ, ಕೇಳಿದರೆ ಏನು ಹೇಳಬೇಕೆಂದೂ ಯೋಚಿಸಿಟ್ಟಿದ್ದೆ. ಅವನ ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು. ನನ್ನ ಮನೆಯವರ ಎದುರು, ನನ್ನ ಮಕ್ಕಳಂಥ ವಿದ್ಯಾರ್ಥಿಗಳ ಎದುರು ಹೀಗೆ ಮಾಡಬಾರದಿತ್ತು ಎಂದ.

"ಗೇಜ್ ಕೊಡುವಾಗ ಒಂದು ಮಾತು ಹೇಳ್ಬೋದಿತ್ತಲ್ಲ ನೀನು, ಸರಿ ಮಾಡಿದ್ದೆ ಅಂತ."

ಯೋಚಿಸಿಟ್ಟಿದ್ದ ಮಾತೆಲ್ಲ ಬೇಡವಾಯಿತು. ಅವನ ಕೈಯಲ್ಲಿ ಗೇಜನ್ನು ಇಟ್ಟೆ, ಅವನು ಅವತ್ತು ನನ್ನ ಕೈಯಲ್ಲಿ ಇಟ್ಟ ಹಾಗೆಯೇ.

"ನೀವೂ ಹೇಳ್ಬೋದಿತ್ತು ಮಾಸ್ತರೆ, ಹಾಳಾಗಿದೆ ಅಂತ."